ಹಳಿಯ ಒಡಲಿನ ದನಿ: ಡೆಸಿಬೆಲ್ ಎಂಬ ಅಳತೆಗೋಲು

ಸಂತೆಯಲ್ಲಿ ಮಣ್ಣಿನ ಹರವಿಯನ್ನು ಕೊಳ್ಳುವವರನ್ನು ನೀವು ನೋಡಿರಬಹುದು. ನವಲಗುಂದ, ಕಲಘಟಗಿ, ಕುಂದಗೋಳ, ಅಣ್ಣಿಗೇರಿ — ಧಾರವಾಡ ಸೀಮೆಯ ಯಾವ ಊರಿನ ಸಂತೆಗೆ ಹೋದರೂ ಸರಿ, ಅನುಭವಸ್ಥರಾದ ಹೆಣ್ಣುಮಕ್ಕಳು ಹರವಿಯ ಬಣ್ಣಕ್ಕಾಗಲಿ ನುಣುಪಿಗಾಗಲಿ ಮರುಳಾಗುವುದಿಲ್ಲ. ಒಂದು ಕೈಯಿಂದ ಅದರ ಕಂಠವನ್ನು ಎತ್ತಿ ಹಿಡಿದು, ಇನ್ನೊಂದು ಕೈಯ ಬೆರಳ ಗೆಣ್ಣಿನಿಂದ ಹೊಟ್ಟೆಯ ಮೇಲೆ ಎರಡು ಸಲ ಬಡಿಯುತ್ತಾರೆ. ‘ಠಣ್’ ಎಂದು ದನಿ ಹೊರಟು ಸ್ವಲ್ಪ ಹೊತ್ತು ನಿಂತರೆ ಹರವಿ ಗಟ್ಟಿ. ದನಿಯು ಮಂಕಾಗಿ ಅಲ್ಲಿಯೇ ಸತ್ತುಹೋದರೆ, “ಅಣ್ಣಾ, ಇದು ಬ್ಯಾಡ, ಬ್ಯಾರೆ ಕೊಡು, ಇದರ ದನಿ ಸರಿ ಇಲ್ಲ” ಎನ್ನುತ್ತಾರೆ. ಕುಂಬಾರನೂ ಮರುಮಾತನಾಡದೆ ಇನ್ನೊಂದನ್ನು ಎತ್ತಿಕೊಡುತ್ತಾನೆ. ಕಣ್ಣಿಗೆ ಕಾಣದ ಬಿರುಕನ್ನು ಕಿವಿಯು ಕಂಡುಹಿಡಿಯಿತು. ಮಾರುವವನೂ ಕೊಳ್ಳುವವಳೂ ಆ ಸಾಕ್ಷ್ಯವನ್ನು ಒಪ್ಪಿದರು.

ಈ ಪುರಾತನ ಪರೀಕ್ಷೆಯೇ ಇಂದು ಬೇರೊಂದು ರೂಪದಲ್ಲಿ ಅಣ್ಣಿಗೇರಿ ಮತ್ತು ಕುಂದಗೋಳಗಳ ರೈಲು ದಾರಿಯ ಮೇಲೆ ನಡೆಯುತ್ತಿದೆ. ಕೆಲವು ಜನ ಕೆಲಸಗಾರರು ಒಂದು ಚಿಕ್ಕ ತಳ್ಳುಗಾಡಿಯನ್ನು ಹಳಿಯ ಮೇಲೆ ನಿಧಾನವಾಗಿ ನಡೆಸಿಕೊಂಡು ಹೋಗುತ್ತಾರೆ. ಅದರಲ್ಲಿ ಒಂದು ನೀರಿನ ತೊಟ್ಟಿ, ಒಂದು ಪುಟ್ಟ ಪರದೆಯುಳ್ಳ ಯಂತ್ರ. ಅವರಲ್ಲೊಬ್ಬನು ಪರದೆಯಿಂದ ಕಣ್ಣನ್ನು ಕದಲಿಸದೆ ನಡೆಯುತ್ತಾನೆ. ಅವನು ಬಡಿಯುತ್ತಿರುವುದು ಕಿವಿಗೆ ಕೇಳದ ಧ್ವನಿಯಿಂದ. ಆ ದನಿಯನ್ನು ಅಳೆಯುತ್ತಿರುವುದು ಡೆಸಿಬೆಲ್ ಎಂಬ ಮಾನದಿಂದ. ಈ ಡೆಸಿಬೆಲ್ ಎಂದರೇನು, ಅದನ್ನು ಹೇಗೆ ಓದಬೇಕು, ಎಲ್ಲಿ ಅದು ನಮ್ಮನ್ನು ಮೋಸಗೊಳಿಸಬಹುದು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಉಕ್ಕಿನೊಳಗಿನ ಬಿರುಕು

ಧಾರವಾಡ ಜಿಲ್ಲೆಯ ಈ ನಾಲ್ಕು ಊರುಗಳ ಪೈಕಿ ನವಲಗುಂದಕ್ಕೂ ಕಲಘಟಗಿಗೂ ರೈಲಿನ ಸೌಕರ್ಯವಿಲ್ಲ. ಹುಬ್ಬಳ್ಳಿಯಿಂದ ಗದಗಿಗೆ ಹೋಗುವ ದಾರಿಯಲ್ಲಿ ಅಣ್ಣಿಗೇರಿಯೂ, ಹುಬ್ಬಳ್ಳಿಯಿಂದ ಹಾವೇರಿ, ದಾವಣಗೆರೆಗಳ ಕಡೆಗೆ ಹೋಗುವ ದಾರಿಯಲ್ಲಿ ಕುಂದಗೋಳವೂ ಸಿಕ್ಕುತ್ತವೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸದರ್ನ್ ಮರಾಠಾ ರೈಲ್ವೆಯವರು ಈ ಸೀಮೆಯಲ್ಲಿ ಹಾಕಿದುದು ಮೀಟರ್ ಗೇಜಿನ ದಾರಿ. ೧೯೯೦ರ ದಶಕದಲ್ಲಿ ಅದು ಬ್ರಾಡ್ ಗೇಜಾಯಿತು. ೨೦೦೩ರಲ್ಲಿ ಹುಬ್ಬಳ್ಳಿಯು ನೈಋತ್ಯ ರೈಲ್ವೆಯ ಕೇಂದ್ರಸ್ಥಾನವಾಯಿತು. ಅಣ್ಣಿಗೇರಿಯ ದಾರಿಯ ಮೇಲೆ ಪ್ರಯಾಣಿಕರ ಗಾಡಿಗಳಲ್ಲದೆ ಅದಿರು, ಕಲ್ಲಿದ್ದಲುಗಳನ್ನು ಹೊತ್ತ ಭಾರಿ ಸರಕುಗಾಡಿಗಳೂ ಓಡಾಡುತ್ತವೆ. ತುಂಬಿದ ಗಾಡಿಯ ಒಂದೊಂದು ಅಚ್ಚಿನ ಮೇಲೆಯೂ ಇಪ್ಪತ್ತು ಟನ್ನಿಗೆ ಮೀರಿದ ಭಾರ. ಆ ಭಾರವನ್ನು ಗಾಲಿಯು ಹಳಿಗೆ ಒಪ್ಪಿಸುವುದು ಒಂದು ಚಿಕ್ಕ ನಾಣ್ಯದಷ್ಟು ಅಗಲದ ಜಾಗದ ಮೂಲಕ!

ಇದರ ಜೊತೆಗೆ ಎರೆಭೂಮಿಯ ಗುಣವನ್ನೂ ನೆನೆಯಬೇಕು. ಮಳೆಗಾಲದಲ್ಲಿ ಉಬ್ಬಿ, ಬೇಸಗೆಯಲ್ಲಿ ಕುಗ್ಗಿ ಬಾಯಿಬಿಡುವ ಈ ಮಣ್ಣಿನ ಮೇಲೆ ದಾರಿಯ ಮಟ್ಟವನ್ನು ಕಾಪಾಡುವುದು ಸುಲಭವಲ್ಲ. ತಳ ಕದಲಿದಷ್ಟೂ ಹಳಿಯು ಬಾಗುವುದು ಹೆಚ್ಚು. ಬಾಗಿದಷ್ಟೂ ಅದರ ಒಡಲಿಗೆ ಶ್ರಮ ಹೆಚ್ಚು.

ಉಕ್ಕು ಒಂದೇ ಏಟಿಗೆ ಮುರಿಯುವುದು ಅಪರೂಪ. ಅದು ದಣಿದು ಮುರಿಯುತ್ತದೆ. ತಯಾರಿಕೆಯ ಕಾಲದಲ್ಲಿ ಸಿಕ್ಕಿಕೊಂಡ ಹೈಡ್ರೋಜನ್ ಅನಿಲದಿಂದಾದ ಒಂದು ಸೂಕ್ಷ್ಮ ಸೀಳು, ಅಥವಾ ಎರಡು ಹಳಿಗಳನ್ನು ಬೆಸೆಯುವಾಗ ಉಳಿದುಹೋದ ಕಿಟ್ಟದ ಕಣ, ಇಲ್ಲವೆ ಬೋಲ್ಟಿನ ರಂಧ್ರದ ಅಂಚು — ಇಂತಹ ಎಡೆಯಲ್ಲಿ ಬಿರುಕು ಹುಟ್ಟುತ್ತದೆ. ಪ್ರತಿಯೊಂದು ಗಾಲಿಯೂ ಅದನ್ನು ಕಣ್ಣಿಗೆ ಕಾಣದಷ್ಟು ಮುಂದಕ್ಕೆ ತಳ್ಳುತ್ತದೆ. ಮರದ ಕಾಂಡದಲ್ಲಿ ವರ್ಷದ ಉಂಗುರಗಳಿರುವಂತೆ ಬಿರುಕಿನ ಮುಖದ ಮೇಲೆಯೂ ಬೆಳವಣಿಗೆಯ ಗೆರೆಗಳು ಮೂಡುತ್ತವೆ. ಹಳಿಯ ತಲೆಯೊಳಗೆ ಅಡ್ಡಲಾಗಿ ಹೀಗೆ ಬೆಳೆಯುವ ಅಂಡಾಕಾರದ ಬಿರುಕಿಗೆ ರೈಲ್ವೆಯವರು ‘ಕಿಡ್ನಿ’ ಎಂದೇ ಹೆಸರಿಟ್ಟಿದ್ದಾರೆ. ಅದರ ಆಕಾರ ಮೂತ್ರಪಿಂಡವನ್ನು ಹೋಲುತ್ತದೆ. ಹೊರಗಿನಿಂದ ನೋಡಿದರೆ ಹಳಿಯು ಕನ್ನಡಿಯಂತೆ ಹೊಳೆಯುತ್ತಿರುತ್ತದೆ. ಉಳಿದ ಗಟ್ಟಿ ಭಾಗವು ಭಾರವನ್ನು ತಾಳಲಾರದ ಕ್ಷಣ ಬಂದಾಗ, ಬಹುಶಃ ಚಳಿಗಾಲದ ಒಂದು ಮುಂಜಾವಿನಲ್ಲಿ ಹಳಿಯು ಕುಗ್ಗಿ ಬಿಗಿದಿರುವಾಗ, ಅದು ಪಟ್ಟನೆ ಮುರಿಯುತ್ತದೆ.

೧೯೧೧ರ ಆಗಸ್ಟ್ ೨೫ರಂದು ಅಮೆರಿಕದ ನ್ಯೂಯಾರ್ಕ್ ರಾಜ್ಯದ ಮ್ಯಾಂಚೆಸ್ಟರ್ ಎಂಬ ಊರಿನ ಬಳಿ ಹೀಗೆಯೇ ಆಯಿತು. ಒಳಬಿರುಕಿನಿಂದ ಹಳಿ ಮುರಿದು ಗಾಡಿಯು ಉರುಳಿ ೨೯ ಜನ ಸತ್ತರು. ಹಳಿಯನ್ನು ಒಡೆಯದೆ ಅದರ ಒಡಲನ್ನು ನೋಡುವ ವಿಧಾನ ಬೇಕೆಂಬ ಅರಿವು ಅಂದಿನಿಂದ ಎಂಜಿನಿಯರುಗಳನ್ನು ಕಾಡತೊಡಗಿತು.

ಕಿವಿಗೆ ಕೇಳದ ಧ್ವನಿ

ಹರವಿಯನ್ನು ಬಡಿದಂತೆ ಹಳಿಯನ್ನು ಸುತ್ತಿಗೆಯಿಂದ ಬಡಿದು ನೋಡಬಾರದೆ? ಬಡಿದರೂ ಚಿಕ್ಕ ಬಿರುಕು ತಿಳಿಯುವುದಿಲ್ಲ. ಕಾರಣ ಸರಳವಾಗಿದೆ. ಉಕ್ಕಿನಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು ೫,೯೦೦ ಮೀಟರು. ಗಾಳಿಯಲ್ಲಿರುವುದಕ್ಕಿಂತ ಹದಿನೇಳು ಪಟ್ಟು ಹೆಚ್ಚು. ಸೆಕೆಂಡಿಗೆ ೫೦೦ ಕಂಪನಗಳುಳ್ಳ ಒಂದು ಸ್ವರವು ಉಕ್ಕಿನಲ್ಲಿ ಹೊರಟರೆ ಅದರ ತರಂಗಾಂತರ ಸುಮಾರು ೧೨ ಮೀಟರಾಗುತ್ತದೆ. ಹನ್ನೆರಡು ಮೀಟರಿನ ಅಲೆಗೆ ಐದು ಮಿಲಿಮೀಟರಿನ ಬಿರುಕು ಲೆಕ್ಕಕ್ಕೇ ಇಲ್ಲ. ಕೆರೆಯ ದೊಡ್ಡ ತೆರೆಯು ಜೊಂಡಿನ ಕಡ್ಡಿಯನ್ನು ಬಳಸಿಕೊಂಡು ಮುಂದೆ ಹೋಗುವಂತೆ ಆ ಧ್ವನಿಯು ಬಿರುಕನ್ನು ಬಳಸಿಕೊಂಡು ಹೋಗಿಬಿಡುತ್ತದೆ.

ಆದುದರಿಂದ ತರಂಗಾಂತರವನ್ನು ಮಿಲಿಮೀಟರುಗಳಿಗೆ ಇಳಿಸಬೇಕು. ಸೆಕೆಂಡಿಗೆ ೪೦ ಲಕ್ಷ ಕಂಪನಗಳಿದ್ದರೆ, ಅಂದರೆ ೪ ಮೆಗಾಹರ್ಟ್ಸ್ ಆದರೆ, ತರಂಗಾಂತರ ಸುಮಾರು ಒಂದೂವರೆ ಮಿಲಿಮೀಟರಿಗೆ ಇಳಿಯುತ್ತದೆ. ಮನುಷ್ಯನ ಕಿವಿಯ ಮೇಲಿನ ಎಲ್ಲೆ ಸುಮಾರು ೨೦,೦೦೦ ಕಂಪನಗಳು. ಅದಕ್ಕೆ ಮೀರಿದ ಇಂತಹ ಧ್ವನಿಗೆ ಶ್ರವಣಾತೀತ ಧ್ವನಿ ಎಂದು ಹೆಸರು.

ಇದನ್ನು ಹುಟ್ಟಿಸುವ ಬಗೆಗೆ ದಾರಿ ತೋರಿದವರು ಫ್ರಾನ್ಸಿನ ಕ್ಯೂರಿ ಸಹೋದರರು. ಸ್ಫಟಿಕವನ್ನು ಒತ್ತಿದರೆ ಅದರಲ್ಲಿ ವಿದ್ಯುತ್ತು ಮೂಡುವುದೆಂದು ಅವರು ೧೮೮೦ರಲ್ಲಿ ಕಂಡರು. ಇದರ ವಿಲೋಮವೂ ನಿಜ: ವಿದ್ಯುತ್ತನ್ನು ಕೊಟ್ಟರೆ ಸ್ಫಟಿಕವು ಮಿಡಿಯುತ್ತದೆ. ಹೀಗೆ ಒಂದೇ ಹರಳು ಬಾಯಿಯೂ ಆಗಬಲ್ಲುದು, ಕಿವಿಯೂ ಆಗಬಲ್ಲುದು. ಲೋಹದ ದೋಷಗಳನ್ನು ಈ ಧ್ವನಿಯಿಂದ ಹುಡುಕಬಹುದೆಂದು ೧೯೨೮ರಲ್ಲಿ ರಷ್ಯದ ಸೊಕೊಲೊವ್ ಸೂಚಿಸಿದರು. ಧ್ವನಿಯ ಚಿಕ್ಕ ಮಿಡಿತವನ್ನು ಕಳುಹಿಸಿ ಅದರ ಪ್ರತಿಧ್ವನಿಯನ್ನು ಆಲಿಸುವ ಉಪಕರಣವನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾನಿಲಯದ ಫ್ಲಾಯ್ಡ್ ಫೈರ್‌ಸ್ಟೋನ್ ರಚಿಸಿ, ೧೯೪೨ರಲ್ಲಿ ಅದಕ್ಕೆ ಪೇಟೆಂಟ್ ಪಡೆದರು. ಇಂದಿನ ಹಳಿಪರೀಕ್ಷೆಯ ಯಂತ್ರಗಳು ಆ ತತ್ತ್ವದ ಮೇಲೆಯೇ ನಿಂತಿವೆ.

ಯಂತ್ರದ ಕೆಲಸ ಹೀಗೆ: ಕೆಲಸಗಾರರು ‘ಪ್ರೋಬ್’ ಎಂದು ಕರೆಯುವ ಶೋಧಕದೊಳಗೆ ಹರಳು ಇರುತ್ತದೆ. ಅದು ಸೆಕೆಂಡಿಗೆ ನೂರಾರು ಸಲ ಕ್ಷಣಿಕವಾದ ಮಿಡಿತಗಳನ್ನು ಹಳಿಯೊಳಕ್ಕೆ ಬಿಡುತ್ತದೆ. ಮೀಟರಿಗೆ ೬೦ ಕಿಲೋಗ್ರಾಂ ತೂಗುವ ಹಳಿಯ ಎತ್ತರ ೧೭೨ ಮಿಲಿಮೀಟರು. ನೇರವಾಗಿ ಕೆಳಗಿಳಿದ ಮಿಡಿತವು ಹಳಿಯ ಪಾದವನ್ನು ಮುಟ್ಟಿ ಹಿಂತಿರುಗಲು ಒಂದು ಸೆಕೆಂಡಿನ ಹತ್ತು ಲಕ್ಷ ಭಾಗಗಳಲ್ಲಿ ೫೮ ಭಾಗ ಸಾಕು. ಪರದೆಯ ಮೇಲೆ ಅಷ್ಟು ದೂರದಲ್ಲಿ ಒಂದು ಶಿಖರ ಏಳುತ್ತದೆ. ಅದಕ್ಕಿಂತ ಮುಂಚೆ ಇನ್ನೊಂದು ಶಿಖರ ಎದ್ದರೆ, ನಡುವೆ ಏನೋ ಅಡ್ಡ ಬಂದಿದೆ ಎಂದು ಅರ್ಥ. ಶಿಖರವು ಎಲ್ಲಿ ಎದ್ದಿತೆಂಬುದರಿಂದ ದೋಷದ ಆಳ ತಿಳಿಯುತ್ತದೆ. ಎಷ್ಟು ಎತ್ತರಕ್ಕೆ ಎದ್ದಿತೆಂಬುದರಿಂದ ಅದರ ಗಾತ್ರದ ಸುಳಿವು ಸಿಕ್ಕುತ್ತದೆ. ಡೆಸಿಬೆಲ್ಲಿಗೆ ಕೆಲಸವಿರುವುದು ಈ ಎರಡನೆಯ ಪ್ರಶ್ನೆಯಲ್ಲಿ.

ಡೆಸಿಬೆಲ್ಲಿನ ಹುಟ್ಟು

ಡೆಸಿಬೆಲ್ ಹುಟ್ಟಿದುದು ಹಳಿಯ ಮೇಲಲ್ಲ, ಟೆಲಿಫೋನಿನ ತಂತಿಯ ಮೇಲೆ. ಮಾತು ತಂತಿಯಲ್ಲಿ ದೂರ ಹೋದಂತೆ ಕ್ಷೀಣಿಸುತ್ತದೆ. ಆ ನಷ್ಟವನ್ನು ಅಮೆರಿಕದ ಎಂಜಿನಿಯರುಗಳು ಮೊದಲು ‘ಒಂದು ಮೈಲಿ ಪ್ರಮಾಣಿತ ತಂತಿಯಲ್ಲಿ ಆಗುವಷ್ಟು’ ಎಂದು ಅಳೆಯುತ್ತಿದ್ದರು. ೧೯೨೪ರಲ್ಲಿ ಬೆಲ್ ಸಂಸ್ಥೆಯವರು ಇದಕ್ಕೆ ಬದಲಾಗಿ ಲಾಗರಿತಮಿನ ಆಧಾರದ ಒಂದು ಹೊಸ ಮಾನವನ್ನು ತಂದರು. ೧೯೨೮ರಲ್ಲಿ ಅದಕ್ಕೆ ಟೆಲಿಫೋನಿನ ಜನಕನಾದ ಅಲೆಕ್ಸಾಂಡರ್ ಗ್ರಹಾಂ ಬೆಲ್ಲನ ನೆನಪಿಗಾಗಿ ‘ಬೆಲ್’ ಎಂದೂ, ಅದರ ಹತ್ತನೆಯ ಒಂದು ಪಾಲಿಗೆ ‘ಡೆಸಿಬೆಲ್’ ಎಂದೂ ಹೆಸರಿಟ್ಟರು. ಬೆಲ್ ಎಂಬುದು ದೊಡ್ಡ ಮಾನವಾದುದರಿಂದ ಬಳಕೆಯಲ್ಲಿ ಉಳಿದುದು ಡೆಸಿಬೆಲ್ಲೇ.

ಇದರ ವ್ಯಾಖ್ಯೆ ಹೀಗಿದೆ: ಎರಡು ಶಕ್ತಿಗಳ ಅನುಪಾತದ ಲಾಗರಿತಮನ್ನು ಹತ್ತರಿಂದ ಗುಣಿಸಿದರೆ ಡೆಸಿಬೆಲ್ ದೊರೆಯುತ್ತದೆ. ಅಲೆಯ ಶಕ್ತಿಯು ಅದರ ಕಂಪನ ವಿಸ್ತಾರದ ವರ್ಗಕ್ಕೆ ಅನುಗುಣವಾಗಿರುವುದರಿಂದ, ಎರಡು ವಿಸ್ತಾರಗಳನ್ನು ಹೋಲಿಸುವಾಗ ಲಾಗರಿತಮನ್ನು ಇಪ್ಪತ್ತರಿಂದ ಗುಣಿಸಬೇಕು. ಪರದೆಯ ಮೇಲಿನ ಶಿಖರದ ಎತ್ತರವು ವಿಸ್ತಾರವನ್ನು ತೋರಿಸುವುದರಿಂದ ನಮಗೆ ಬೇಕಾದುದು ಈ ಎರಡನೆಯ ಸೂತ್ರ. ಇದರಿಂದ ಬರುವ ಕೆಲವು ಅಂಕಿಗಳನ್ನು ಬಾಯಿಪಾಠ ಮಾಡಿಟ್ಟುಕೊಂಡರೆ ಸಾಕು:

೦ ಡೆಸಿಬೆಲ್ — ಎರಡೂ ಸಮ
೬ ಡೆಸಿಬೆಲ್ — ಸುಮಾರು ೨ ಪಟ್ಟು
೧೦ ಡೆಸಿಬೆಲ್ — ಸುಮಾರು ೩.೨ ಪಟ್ಟು
೧೨ ಡೆಸಿಬೆಲ್ — ಸುಮಾರು ೪ ಪಟ್ಟು
೧೪ ಡೆಸಿಬೆಲ್ — ಸುಮಾರು ೫ ಪಟ್ಟು
೨೦ ಡೆಸಿಬೆಲ್ — ೧೦ ಪಟ್ಟು
೪೦ ಡೆಸಿಬೆಲ್ — ೧೦೦ ಪಟ್ಟು
೬೦ ಡೆಸಿಬೆಲ್ — ೧,೦೦೦ ಪಟ್ಟು

ಈ ಪಟ್ಟಿಯನ್ನು ಸ್ವಲ್ಪ ಹೊತ್ತು ನೋಡಿರಿ. ಎಡಗಡೆಯಲ್ಲಿ ಕೂಡಿದರೆ ಬಲಗಡೆಯಲ್ಲಿ ಗುಣಿಸಿದಂತಾಗುತ್ತದೆ. ಆರಕ್ಕೆ ಆರು ಕೂಡಿದರೆ ಹನ್ನೆರಡು; ಎರಡನ್ನು ಎರಡರಿಂದ ಗುಣಿಸಿದರೆ ನಾಲ್ಕು. ಆರಕ್ಕೆ ಇಪ್ಪತ್ತು ಕೂಡಿದರೆ ೨೬ ಡೆಸಿಬೆಲ್. ಎರಡನ್ನು ಹತ್ತರಿಂದ ಗುಣಿಸಿದ ೨೦ ಪಟ್ಟು. ಪಟ್ಟು ಕಡಮೆಯಾದರೆ ಡೆಸಿಬೆಲ್ಲಿನ ಮುಂದೆ ಋಣಚಿಹ್ನೆ: ಅರ್ಧವಾದರೆ −೬, ಹತ್ತನೆಯ ಒಂದಾದರೆ −೨೦. ಮಿಡಿತವು ಹಳಿಯನ್ನು ಹೊಕ್ಕು, ಹರಡಿ, ಪ್ರತಿಫಲಿಸಿ, ಮರಳಿ ಹೊರಬರುವಷ್ಟರಲ್ಲಿ ಹಲವು ಕಡೆ ಪಾಲು ಕಳೆದುಕೊಳ್ಳುತ್ತದೆ. ಆ ಪಾಲುಗಳನ್ನೆಲ್ಲ ಭಿನ್ನರಾಶಿಗಳಾಗಿ ಗುಣಿಸುತ್ತ ಕೂಡುವುದಕ್ಕಿಂತ ಡೆಸಿಬೆಲ್ಲುಗಳಾಗಿ ಕೂಡಿ ಕಳೆಯುವುದು ಎಷ್ಟು ಹಗುರ! ಬಿಸಿಲಲ್ಲಿ ಹಳಿಯ ಮೇಲೆ ನಿಂತು ಲೆಕ್ಕ ಮಾಡುವವನಿಗೆ ಇದು ಸಣ್ಣ ಉಪಕಾರವಲ್ಲ.

ಯಾವುದಕ್ಕೆ ಹೋಲಿಸಿ?

ಈಗ ಮುಖ್ಯವಾದ ಮಾತಿಗೆ ಬರೋಣ. ‘ಈ ಬಿರುಕಿನ ಪ್ರತಿಧ್ವನಿ ಎಷ್ಟು ಡೆಸಿಬೆಲ್?’ ಎಂದು ಯಾರಾದರೂ ಕೇಳಿದರೆ, ಅದಕ್ಕೆ ಉತ್ತರ ಕೊಡುವ ಮೊದಲು ‘ಯಾವುದಕ್ಕೆ ಹೋಲಿಸಿ?’ ಎಂದು ತಿರುಗಿ ಕೇಳಬೇಕು. ಮೀಟರು, ಕಿಲೋಗ್ರಾಂಗಳಂತೆ ಡೆಸಿಬೆಲ್ಲು ಸ್ವತಂತ್ರವಾಗಿ ನಿಲ್ಲುವ ಪರಿಮಾಣವಲ್ಲ. ಅದು ಒಂದು ಸಂಬಂಧ. ಬೀದಿಯ ಗದ್ದಲ ಇಷ್ಟು ಡೆಸಿಬೆಲ್ ಎಂದು ವೃತ್ತಪತ್ರಿಕೆಗಳಲ್ಲಿ ಓದುತ್ತೇವಷ್ಟೆ. ಅಲ್ಲಿಯೂ ಹೋಲಿಕೆ ಅಡಗಿಯೇ ಇದೆ. ಆರೋಗ್ಯವಂತನ ಕಿವಿಗೆ ಕೇಳಿಸುವ ಅತ್ಯಲ್ಪ ಧ್ವನಿಯ ಒತ್ತಡವಾದ ೨೦ ಮೈಕ್ರೊಪಾಸ್ಕಲನ್ನು ಸೊನ್ನೆ ಎಂದು ಎಣಿಸಿ ಆ ಅಂಕಿಗಳನ್ನು ಹೇಳುತ್ತಾರೆ. ಅಲ್ಲಿ ೧೨೦ ಡೆಸಿಬೆಲ್ ಎಂದರೆ ಅದರ ಹತ್ತು ಲಕ್ಷ ಪಟ್ಟು ಒತ್ತಡ. ಆದರೆ ಹಳಿಪರೀಕ್ಷೆಯಲ್ಲಿ ಕಿವಿಗೆ ಪಾತ್ರವೇ ಇಲ್ಲವಾದುದರಿಂದ ಆ ಸೊನ್ನೆಗೂ ಇದಕ್ಕೂ ಸಂಬಂಧವಿಲ್ಲ. ಯಂತ್ರವು ೫೦ ಡೆಸಿಬೆಲ್ ತೋರಿಸಿದರೆ ಹಳಿಯೊಳಗೆ ಯಾರೋ ಮಾತನಾಡುವಷ್ಟು ಸದ್ದಿದೆ ಎಂದು ಭಾವಿಸುವುದು ದೊಡ್ಡ ತಪ್ಪು.

ಈ ವಿಷಯವನ್ನು ಅರಿಯಲು ಕುಂದಗೋಳದವರಿಗೆ ಒಂದು ಒಳ್ಳೆಯ ಉಪಮಾನ ಮನೆಯಲ್ಲೇ ಇದೆ. ಸವಾಯಿ ಗಂಧರ್ವರೆಂದು ಖ್ಯಾತರಾದ ರಾಮಭಾವು ಕುಂದಗೋಳಕರರ ಊರು ಅದು. ಭೀಮಸೇನ ಜೋಶಿಯವರು ಬಾಲ್ಯದಲ್ಲಿ ಅವರ ಬಳಿ ಸಂಗೀತಾಭ್ಯಾಸ ಮಾಡಿದ ಊರು. ಗಾಯಕನು ಹಾಡುವ ಮೊದಲು ತಂಬೂರಿಯನ್ನು ತನ್ನ ಕಂಠಕ್ಕೆ ಒಪ್ಪುವ ಷಡ್ಜಕ್ಕೆ ಶ್ರುತಿ ಮಾಡುತ್ತಾನೆ. ಒಬ್ಬನ ಷಡ್ಜ ಇನ್ನೊಬ್ಬನ ಷಡ್ಜವಲ್ಲ. ಆದರೆ ಷಡ್ಜ ಒಮ್ಮೆ ನಿಂತ ಮೇಲೆ ಪಂಚಮವು ಅದರ ಒಂದೂವರೆ ಪಟ್ಟು ಕಂಪನ, ತಾರಷಡ್ಜವು ಅದರ ಎರಡು ಪಟ್ಟು, ಇವು ಕದಲುವಂತಿಲ್ಲ. ಷಡ್ಜವಿಲ್ಲದೆ ಒಂಟಿಯಾಗಿ ಒಂದು ಸ್ವರವನ್ನು ನುಡಿಸಿ ‘ಇದು ಗಾಂಧಾರವೋ ಪಂಚಮವೋ’ ಎಂದು ಕೇಳಿದರೆ ಯಾವ ಪಂಡಿತನೂ ಉತ್ತರ ಹೇಳಲಾರ. ಸ್ವರವು ಕಂಪನಾಂಕದ ಅನುಪಾತ, ಡೆಸಿಬೆಲ್ಲು ವಿಸ್ತಾರದ ಅನುಪಾತ. ಎರಡಕ್ಕೂ ಮೊದಲು ಆಧಾರ ಬೇಕು.

ಹಳಿಪರೀಕ್ಷಕನ ಷಡ್ಜ ಯಾವುದು? ಅದೇ ಬಗೆಯ ಹಳಿಯ ಒಂದು ತುಂಡಿನಲ್ಲಿ ಗೊತ್ತಾದ ವ್ಯಾಸಕ್ಕೆ ಕೊರೆದ ಒಂದು ರಂಧ್ರ. ಉದಾಹರಣೆಗೆ, ಬೆಸುಗೆಗಳನ್ನು ಪರೀಕ್ಷಿಸುವುದಕ್ಕೆ ಹಳಿಯ ತಲೆಯಲ್ಲಿ ೩ ಮಿಲಿಮೀಟರ್ ವ್ಯಾಸದ ರಂಧ್ರವಿರುವ ತುಂಡನ್ನು ಇಟ್ಟುಕೊಳ್ಳುತ್ತಾರೆ. ಕೆಲಸಕ್ಕೆ ಹೊರಡುವ ಮೊದಲು ಶೋಧಕವನ್ನು ಆ ತುಂಡಿನ ಮೇಲಿಟ್ಟು, ರಂಧ್ರದ ಪ್ರತಿಧ್ವನಿಯು ಪರದೆಯ ಎತ್ತರದಲ್ಲಿ ನೂರಕ್ಕೆ ಅರುವತ್ತರಷ್ಟು ಏಳುವಂತೆ ಯಂತ್ರದ ವರ್ಧನೆಯನ್ನು ಹೊಂದಿಸುತ್ತಾರೆ. ಕೆಲಸಗಾರರ ಮಾತಿನಲ್ಲಿ ಇದು ‘ಗೇನ್’. ಭಾರತೀಯ ರೈಲ್ವೆಯಲ್ಲಿ ಇಂತಹ ಪರೀಕ್ಷೆಗಳ ವಿಧಿಗಳನ್ನೆಲ್ಲ ಲಖನೌದಲ್ಲಿರುವ ಸಂಶೋಧನ ಸಂಸ್ಥೆಯು ಕೈಪಿಡಿಯ ರೂಪದಲ್ಲಿ ಗೊತ್ತುಪಡಿಸಿದೆ.

ಒಂದು ಲೆಕ್ಕ ನೋಡೋಣ. ತುಂಡಿನ ರಂಧ್ರವನ್ನು ಅರುವತ್ತರ ಗೆರೆಗೆ ತರಲು ಗೇನನ್ನು ೫೨ ಡೆಸಿಬೆಲ್ಲಿಗೆ ತಿರುಗಿಸಬೇಕಾಯಿತೆನ್ನಿ. ಹಳಿಯಲ್ಲಿ ಒಂದು ದೋಷ ಕಂಡಿತು. ಅದನ್ನು ಅದೇ ಗೆರೆಗೆ ತರಲು ೪೬ ಡೆಸಿಬೆಲ್ಲೇ ಸಾಕಾಯಿತು. ದೋಷದ ಪ್ರತಿಧ್ವನಿಯು ರಂಧ್ರದ್ದಕ್ಕಿಂತ ೬ ಡೆಸಿಬೆಲ್ ಹೆಚ್ಚು, ಎಂದರೆ ಎರಡು ಪಟ್ಟು ಬಲವಾದುದು. ಇನ್ನೊಂದು ದೋಷಕ್ಕೆ ೫೮ ಡೆಸಿಬೆಲ್ ಬೇಕಾದರೆ ಅದು ಅರ್ಧದಷ್ಟೇ ಬಲವುಳ್ಳದು. ಹೆಚ್ಚು ಗೇನ್ ಬೇಡುವುದು ಬಡ ಪ್ರತಿಧ್ವನಿ. ಕಡಮೆ ಗೇನಿಗೆ ತೃಪ್ತಿಪಡುವುದು ಬಲವಾದ ಪ್ರತಿಧ್ವನಿ. ಮೊದಲ ಸಲ ಓದುವವರು ಇದನ್ನು ತಲೆಕೆಳಗಾಗಿ ತಿಳಿಯುವುದು ಸಾಮಾನ್ಯ.

ಹಾಗಾದರೆ ಗೇನನ್ನು ಯಾವಾಗಲೂ ತುಂಬ ಹೆಚ್ಚಿಸಿಯೇ ಇಟ್ಟುಕೊಂಡರೆ ಯಾವ ದೋಷವೂ ತಪ್ಪಿಸಿಕೊಳ್ಳಲಾರದಲ್ಲವೆ? ಹಾಗಾಗುವುದಿಲ್ಲ. ಉಕ್ಕಿನ ಕಣಗಳಿಂದಲೂ ಯಂತ್ರದ ಒಳಗಿನಿಂದಲೂ ಏಳುವ ಅಲ್ಪ ಸದ್ದುಗಳು ಪರದೆಯ ಬುಡದಲ್ಲಿ ಹುಲ್ಲಿನಂತೆ ಹಬ್ಬಿರುತ್ತವೆ. ಗೇನನ್ನು ೨೦ ಡೆಸಿಬೆಲ್ ಏರಿಸಿದರೆ ದೋಷದ ಶಿಖರವೂ ಹತ್ತು ಪಟ್ಟು ಬೆಳೆಯುತ್ತದೆ, ಹುಲ್ಲೂ ಹತ್ತು ಪಟ್ಟು ಬೆಳೆಯುತ್ತದೆ. ಎರಡರ ನಡುವಣ ಡೆಸಿಬೆಲ್ ಅಂತರ ಎಳ್ಳಷ್ಟೂ ಬದಲಾಗುವುದಿಲ್ಲ. ಸಂತೆಯ ಗದ್ದಲವನ್ನೆಲ್ಲ ಧ್ವನಿವರ್ಧಕದಲ್ಲಿ ಹಾಕಿದರೆ ಗೆಳೆಯನ ಕೂಗು ಸ್ಪಷ್ಟವಾಗುವುದಿಲ್ಲವಷ್ಟೆ!

ಡೆಸಿಬೆಲ್ ಸೋರಿಹೋಗುವ ಎಡೆಗಳು

ಆಧಾರವನ್ನು ಸರಿಯಾಗಿ ನಿಲ್ಲಿಸಿದ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ತುಂಡಿನ ಮೇಲೆ ಇದ್ದ ಸ್ಥಿತಿಯೇ ಹಳಿಯ ಮೇಲೆಯೂ ಇರಬೇಕು. ಅಲ್ಲಿ ಬದಲಾವಣೆಯಾದರೆ ಡೆಸಿಬೆಲ್ಲುಗಳು ತಿಳಿಯದಂತೆ ಸೋರಿಹೋಗುತ್ತವೆ.

ಮೊದಲನೆಯದು ನೀರು. ಗಾಡಿಯಲ್ಲಿ ನೀರಿನ ತೊಟ್ಟಿ ಏಕೆ ಎಂದು ನೀವು ಆಗಲೇ ಕೇಳಿಕೊಂಡಿರಬಹುದು. ಉಕ್ಕಿನಿಂದ ಗಾಳಿಗೆ ಧ್ವನಿಯು ದಾಟುವಾಗ ಅದರ ಶಕ್ತಿಯಲ್ಲಿ ಸುಮಾರು ಮೂವತ್ತು ಸಾವಿರದಲ್ಲೊಂದು ಪಾಲು ಮಾತ್ರ ಆಚೆ ಹೋಗುತ್ತದೆ. ಉಳಿದುದೆಲ್ಲ ಹಿಂದಕ್ಕೆ ಚಿಮ್ಮುತ್ತದೆ. ಇದು ಸುಮಾರು ೪೫ ಡೆಸಿಬೆಲ್ ನಷ್ಟ. ನೀರಿಗೆ ದಾಟುವಾಗ ಎಂಟರಲ್ಲೊಂದು ಪಾಲು ಹೋಗುತ್ತದೆ. ನಷ್ಟ ಸುಮಾರು ೯ ಡೆಸಿಬೆಲ್ ಮಾತ್ರ. ಬಿರುಕಿನೊಳಗಿನ ತೆಳುವಾದ ಗಾಳಿಯ ಪದರವು ಧ್ವನಿಯನ್ನು ಕನ್ನಡಿಯಂತೆ ಹಿಂದಕ್ಕೆ ಕಳುಹಿಸುವುದೂ ಇದೇ ಕಾರಣದಿಂದ. ನಮಗೆ ಬಿರುಕನ್ನು ತೋರಿಸಿಕೊಡುವ ಆ ಗಾಳಿಯೇ ಶೋಧಕದ ಅಡಿಯಲ್ಲಿ ಸೇರಿಕೊಂಡರೆ ಪರೀಕ್ಷೆಯನ್ನು ಕುರುಡು ಮಾಡುತ್ತದೆ. ತೊಟ್ಟಿಯ ನೀರು ನಿಂತ ಕಡೆಯಲ್ಲಿ ಪರದೆಯು ‘ದೋಷವಿಲ್ಲ’ ಎಂದು ಹೇಳುತ್ತಿಲ್ಲ. ಅದು ಏನನ್ನೂ ಹೇಳುತ್ತಿಲ್ಲ. ಈ ಎರಡು ಮೌನಗಳ ಭೇದವನ್ನು ತಿಳಿಯುವುದು ಹೇಗೆ? ಹಳಿಯ ಪಾದದಿಂದ ಬರಬೇಕಾದ ಪ್ರತಿಧ್ವನಿ ಬರುತ್ತಿದೆಯೆ ಎಂದು ನೋಡಬೇಕು. ಅದು ಬರುತ್ತಿದ್ದರೆ ಧ್ವನಿಯು ಒಳಗೆ ಹೋಗಿ ಬರುತ್ತಿದೆಯೆಂದು ಅರ್ಥ. ಅದೇ ಮಾಯವಾದರೆ ನೀರು ನಿಂತಿರಬೇಕು, ಇಲ್ಲವೆ ದೊಡ್ಡ ದೋಷವೊಂದು ದಾರಿಯನ್ನೇ ಮುಚ್ಚಿರಬೇಕು.

ಎರಡನೆಯದು ಮೈ. ತುಂಡು ನುಣುಪಾಗಿದ್ದು, ಹಳಿಯು ತುಕ್ಕು ಹಿಡಿದು ಒರಟಾಗಿದ್ದರೆ ೬ ಡೆಸಿಬೆಲ್ ನಷ್ಟವಾಯಿತೆನ್ನಿ. ಅರುವತ್ತಕ್ಕೆ ಏಳಬೇಕಾಗಿದ್ದ ಶಿಖರ ಮೂವತ್ತಕ್ಕೇ ನಿಲ್ಲುತ್ತದೆ. ನಲವತ್ತಕ್ಕೆ ಮೀರಿದ ಶಿಖರಗಳನ್ನು ಮಾತ್ರ ಗುರುತಿಸಬೇಕೆಂಬ ನಿಯಮವಿದ್ದರೆ, ಆ ದೋಷವು ಪರೀಕ್ಷಕನ ಕಣ್ಣೆದುರಿಗೇ ನಡೆದು ಹೋಗಿಬಿಡುತ್ತದೆ. ಯಂತ್ರವು ಸುಳ್ಳು ಹೇಳಲಿಲ್ಲ. ಆಧಾರ ಕದಲಿತು, ಅಷ್ಟೆ.

ಮೂರನೆಯದು ಬಿಸಿಲು. ಹಳಿಯ ತಲೆಯಲ್ಲಿ ಅಡ್ಡಲಾಗಿ ನಿಂತ ಬಿರುಕನ್ನು ನೇರವಾಗಿ ಕೆಳಗಿಳಿಯುವ ಧ್ವನಿ ಕಾಣಲಾರದು. ಗೋಡೆಯ ಪಕ್ಕಕ್ಕೆ ಸಮಾಂತರವಾಗಿ ಎಸೆದ ಚೆಂಡು ಗೋಡೆಯನ್ನು ಮುಟ್ಟದೆ ಹೋದಂತೆ. ಆದುದರಿಂದ ೭೦ ಅಂಶದ ಓರೆಯಲ್ಲಿ ಮುಂದಕ್ಕೂ ಹಿಂದಕ್ಕೂ ನೋಡುವ ಶೋಧಕಗಳನ್ನು ಗಾಡಿಯಲ್ಲಿ ಇಟ್ಟಿರುತ್ತಾರೆ. ಈ ಓರೆಯು ಪ್ಲಾಸ್ಟಿಕ್ಕಿನ ಒಂದು ಬೆಣೆಯಿಂದ ಬರುತ್ತದೆ. ನವಲಗುಂದ, ಅಣ್ಣಿಗೇರಿಗಳ ಬಯಲಿನ ಬೇಸಗೆಯಲ್ಲಿ ಬೆಣೆ ಕಾದರೆ ಅದರೊಳಗೆ ಧ್ವನಿಯ ವೇಗ ತಗ್ಗುತ್ತದೆ; ವಕ್ರೀಭವನದ ನಿಯಮದಂತೆ ಉಕ್ಕಿನೊಳಗಿನ ಓರೆಯು ಹೆಚ್ಚುತ್ತದೆ. ಧ್ವನಿಯು ನಾವು ಎಣಿಸಿದ ಸ್ಥಳವನ್ನು ಬಿಟ್ಟು ಬೇರೆ ಕಡೆಗೆ ಹೋಗುತ್ತದೆ. ಬೆಳಗಿನ ತಂಪಿನಲ್ಲಿ ಮಾಡಿದ ಹೊಂದಾಣಿಕೆಯನ್ನು ನಡುಹಗಲಿನಲ್ಲಿ ಕಣ್ಣುಮುಚ್ಚಿ ನಂಬುವಂತಿಲ್ಲ.

ನಾಲ್ಕನೆಯದು ದೂರ. ಧ್ವನಿಯು ಹೋದಂತೆಲ್ಲ ಹರಡುತ್ತದೆ. ಶೋಧಕದಿಂದ ಸಾಕಷ್ಟು ದೂರದಲ್ಲಿರುವ ಒಂದು ಚಿಕ್ಕ ದೋಷವನ್ನು ಎರಡರಷ್ಟು ದೂರಕ್ಕೆ ಒಯ್ದರೆ, ಹೋಗುವಾಗ ವಿಸ್ತಾರ ಅರ್ಧವಾಗುತ್ತದೆ. ಮರಳುವಾಗ ಮತ್ತೆ ಅರ್ಧವಾಗುತ್ತದೆ. ಒಟ್ಟು ನಾಲ್ಕರಲ್ಲೊಂದು, ಅಂದರೆ ೧೨ ಡೆಸಿಬೆಲ್ ನಷ್ಟ. ಆದುದರಿಂದ ಆಳದಲ್ಲಿರುವ ದೊಡ್ಡ ದೋಷವೂ ಮೇಲಿರುವ ಸಣ್ಣ ದೋಷವೂ ಒಂದೇ ಎತ್ತರದ ಶಿಖರವನ್ನು ಕೊಡಬಹುದು. ಇದಕ್ಕಾಗಿ ಬೇರೆ ಬೇರೆ ಆಳಗಳಲ್ಲಿ ಒಂದೇ ವ್ಯಾಸದ ರಂಧ್ರಗಳಿರುವ ತುಂಡಿನಿಂದ ಪ್ರತಿಧ್ವನಿಗಳನ್ನು ಪಡೆದು, ಅವುಗಳ ತುದಿಗಳನ್ನು ಸೇರಿಸಿ ಪರದೆಯ ಮೇಲೆ ಇಳಿಜಾರಾದ ಒಂದು ಗೆರೆಯನ್ನು ಎಳೆದುಕೊಳ್ಳುವ ಪದ್ಧತಿಯೂ ಇದೆ. ಆಗ ಪ್ರತಿ ಆಳಕ್ಕೂ ಅದರದೇ ಆದ ಆಧಾರ ದೊರೆಯುತ್ತದೆ.

ಬಿರುಕನ್ನು ಅಳೆಯುವ ಉಪಾಯ

ದೋಷ ಸಿಕ್ಕಿತು, ಅದರ ಉದ್ದವೆಷ್ಟು? ಇಲ್ಲಿ ಡೆಸಿಬೆಲ್ಲು ಒಂದು ಸೊಗಸಾದ ಉಪಾಯವನ್ನು ಒದಗಿಸುತ್ತದೆ. ಧ್ವನಿಯ ಕಿರಣಕ್ಕಿಂತ ಬಿರುಕು ಉದ್ದವಾಗಿದ್ದರೆ, ಶೋಧಕವು ಅದರ ನಡುವೆ ಇರುವವರೆಗೂ ಇಡೀ ಕಿರಣ ಅದರ ಮೇಲೆ ಬೀಳುತ್ತದೆ, ಶಿಖರ ಎತ್ತರವಾಗಿರುತ್ತದೆ. ಶೋಧಕವನ್ನು ಮೆಲ್ಲನೆ ಪಕ್ಕಕ್ಕೆ ಸರಿಸಿದರೆ ಒಂದೆಡೆಯಲ್ಲಿ ಶಿಖರವು ಸರಿಯಾಗಿ ಅರ್ಧಕ್ಕೆ, ಅಂದರೆ ೬ ಡೆಸಿಬೆಲ್ ಕೆಳಕ್ಕೆ, ಇಳಿಯುತ್ತದೆ. ಆಗ ಕಿರಣದ ಅರ್ಧ ಭಾಗ ಬಿರುಕಿನ ಮೇಲೂ ಅರ್ಧ ಭಾಗ ಹೊರಗೂ ಇದೆ. ಎಂದರೆ ಕಿರಣದ ನಡುಭಾಗವು ಬಿರುಕಿನ ಅಂಚಿನ ಮೇಲೆಯೇ ನಿಂತಿದೆ. ಅಲ್ಲಿ ಸೀಮೆಸುಣ್ಣದಿಂದ ಗುರುತು ಮಾಡಿ, ಎದುರು ದಿಕ್ಕಿನಲ್ಲಿಯೂ ಹಾಗೆಯೇ ಮಾಡಿದರೆ ಎರಡು ಗುರುತುಗಳ ನಡುವಣ ಅಂತರವೇ ಬಿರುಕಿನ ಉದ್ದ. ಕಾಣದ ವಸ್ತುವಿನ ಅಂಚನ್ನು ಒಂದು ಅರ್ಧದ ಲೆಕ್ಕದಿಂದ ಹಳಿಯ ಮೇಲೆ ಗೀಚಿ ತೋರಿಸಿದಂತಾಯಿತು.

ಆದರೆ ಚಿಕ್ಕ ಪ್ರತಿಧ್ವನಿ ಎಂದರೆ ಚಿಕ್ಕ ಬಿರುಕೇ ಎಂದು ಪ್ರತಿಜ್ಞೆ ಮಾಡುವಂತಿಲ್ಲ. ದೊಡ್ಡ ಕನ್ನಡಿಯಾದರೂ ಓರೆಯಾಗಿ ನಿಂತಿದ್ದರೆ ಬೆಳಕನ್ನು ಬೇರೆ ಕಡೆಗೆ ಎಸೆಯುತ್ತದೆ. ನಮ್ಮ ಕಣ್ಣಿಗೆ ಬೀಳುವುದು ಮಿನುಗು ಮಾತ್ರ. ಹಾಗೆಯೇ ಓರೆಯಾದ, ಒರಟಾದ ಬಿರುಕು ತನ್ನ ಗಾತ್ರಕ್ಕೆ ತಕ್ಕ ಪ್ರತಿಧ್ವನಿಯನ್ನು ಕೊಡದಿರಬಹುದು. ಡೆಸಿಬೆಲ್ಲು ಅಳೆಯುವುದು ಬಿರುಕನ್ನಲ್ಲ, ಬಿರುಕಿನಿಂದ ನಮ್ಮ ಬಳಿಗೆ ಮರಳಿ ಬಂದ ಧ್ವನಿಯನ್ನು. ಈ ಭೇದವನ್ನು ಬಲ್ಲವನೇ ನಿಜವಾದ ಪರೀಕ್ಷಕ. ಆತನು ಬೇರೆ ಬೇರೆ ಕೋನಗಳಿಂದ ನೋಡಿ, ಪಾದದ ಪ್ರತಿಧ್ವನಿಯನ್ನೂ ಕೇಳಿ, ಆಮೇಲೆ ತೀರ್ಪು ಕೊಡುತ್ತಾನೆ. ಈ ತೀರ್ಪಿನ ಪ್ರಕಾರ ದೋಷವುಳ್ಳ 
ಹಳಿಯು ‘ತಕ್ಷಣ ತೆಗೆಯಬೇಕಾದುದು’ ಅಥವಾ ‘ಕಣ್ಣಿಟ್ಟು ನೋಡುತ್ತಿರಬೇಕಾದುದು’ ಎಂಬ ವರ್ಗಕ್ಕೆ ಸೇರುತ್ತದೆ.

ಅಂಕಿಯಿಂದ ಕೈಗೆ

೨೦೦೦ದ ಅಕ್ಟೋಬರ್ ೧೭ರಂದು ಇಂಗ್ಲೆಂಡಿನ ಹ್ಯಾಟ್‌ಫೀಲ್ಡ್ ಎಂಬಲ್ಲಿ ವೇಗವಾಗಿ ಓಡುತ್ತಿದ್ದ ಗಾಡಿಯ ಅಡಿಯಲ್ಲಿ ಹಳಿಯೊಂದು ಮುನ್ನೂರಕ್ಕೂ ಹೆಚ್ಚು ತುಂಡುಗಳಾಗಿ ಒಡೆಯಿತು. ನಾಲ್ವರು ಸತ್ತರು, ಎಪ್ಪತ್ತಕ್ಕೂ ಹೆಚ್ಚು ಜನ ಗಾಯಗೊಂಡರು. ಅಲ್ಲಿ ಹಳಿಯ ಅಂಚಿನಲ್ಲಿ ಬಿರುಕುಗಳಿದ್ದುದು ಮುಂಚಿತವಾಗಿಯೇ ತಿಳಿದಿತ್ತು. ಹಳಿಯನ್ನು ಬದಲಾಯಿಸುವ ಕೆಲಸ ಮಾತ್ರ ಆಗಿರಲಿಲ್ಲ. ೧೯೧೧ರ ಮ್ಯಾಂಚೆಸ್ಟರಿನಲ್ಲಿ ಬಿರುಕನ್ನು ಕಾಣುವ ಸಾಧನವಿರಲಿಲ್ಲ. ೨೦೦೦ದ ಹ್ಯಾಟ್‌ಫೀಲ್ಡಿನಲ್ಲಿ ಕಂಡುದನ್ನು ಕಾರ್ಯಕ್ಕೆ ತರಲಿಲ್ಲ. ತೊಂಬತ್ತು ವರ್ಷಗಳಲ್ಲಿ ವಿಜ್ಞಾನವು ಒದಗಿಸಿದ ಅಳತೆಯ ಬೆಲೆಯೂ, ಅಳತೆಯೊಂದರಿಂದಲೇ ಆಗದ ಕೆಲಸವೂ ಈ ಎರಡು ಘಟನೆಗಳಲ್ಲಿ ಒಟ್ಟಿಗೆ ಕಾಣುತ್ತವೆ.

ವಿದ್ಯಾರ್ಥಿಗಳಾದ ನೀವು ಲಾಗರಿತಮಿನ ಕೋಷ್ಟಕವನ್ನು ತೆರೆದಾಗ, ‘ಇದರಿಂದ ಯಾರಿಗೆ ಏನು ಪ್ರಯೋಜನ?’ ಎಂದು ಬೇಸರಪಟ್ಟಿರಬಹುದು. ಎರಡರ ಲಾಗರಿತಮ್ ೦.೩೦೧೦. ಅದನ್ನು ಇಪ್ಪತ್ತರಿಂದ ಗುಣಿಸಿರಿ, ೬.೦೨ ಬರುತ್ತದೆ. ಈ ಪುಟ್ಟ ಲೆಕ್ಕವನ್ನು ತಿಳಿದ ಒಬ್ಬನು ಅಣ್ಣಿಗೇರಿಯ ಹತ್ತಿರ, ಮೆಣಸಿನಕಾಯಿ ಹತ್ತಿಗಳ ಹೊಲಗಳ ನಡುವೆ, ಹಳಿಯ ಮೇಲೆ ನಿಂತು ಗೇನಿನ ಗುಂಡಿಯನ್ನು ತಿರುಗಿಸಿ ಒಂದು ಅಂಕಿಯನ್ನು ಬರೆದುಕೊಳ್ಳುತ್ತಾನೆ. ಅಂದು ಸಂಜೆ ಆ ಹಳಿಯ ಮೇಲೆ ಹೋಗುವ ಗಾಡಿಯಲ್ಲಿ ಕಾಲೇಜಿನಿಂದ ಊರಿಗೆ ಮರಳುವ ನಿಮ್ಮಂತಹವರು ಕುಳಿತಿರುತ್ತಾರೆ. ಅವರಿಗೆ ಆ ಅಂಕಿಯೂ ತಿಳಿಯದು, ಅದನ್ನು ಬರೆದವನೂ ತಿಳಿಯನು.

ಸಂತೆಯ ಹೆಣ್ಣುಮಗಳು ಹರವಿಯನ್ನು ಬಡಿದಾಗ ಅವಳ ಮನಸ್ಸಿನಲ್ಲಿಯೂ ಒಂದು ಆಧಾರವಿತ್ತು: ಅದುವರೆಗೆ ತಾನು ಬಡಿದು ಕೇಳಿದ ಗಟ್ಟಿ ಹರವಿಗಳ ದನಿ. ಅದಕ್ಕೆ ಹೋಲಿಸಿಯೇ ಅವಳು ‘ಇದರ ದನಿ ಸರಿ ಇಲ್ಲ’ ಎಂದಳು. ಹೇಳಿ ಸುಮ್ಮನಾಗದೆ ಹರವಿಯನ್ನು ಪಕ್ಕಕ್ಕೆ ಇಟ್ಟಳು. ಆಧಾರವನ್ನು ಸರಿಯಾಗಿ ಇಟ್ಟುಕೊಳ್ಳುವುದು, ಹೋಲಿಸಿ ಕೇಳುವುದು, ಕೇಳಿದುದಕ್ಕೆ ತಕ್ಕಂತೆ ನಡೆಯುವುದು — ಹಳಿಯ ಪರೀಕ್ಷೆಯೂ ಈ ಮೂರೇ ಹೆಜ್ಜೆಗಳಲ್ಲಿ ಮುಗಿಯುತ್ತದೆ.